ಜಗಳ ಇರೋದು ಎಲ್ಲಿ

ರಾಜಾಮಣಿಗೆ ಲೆಕ್ಕ ನೀರು ಕುಡಿದಷ್ಟು ಸುಲಭ. ಇಂಗ್ಲಿಷು ತಕ್ಕಮಟ್ಟಿಗೆ ಬರುತ್ತಿತ್ತು. ಯಾವ ದೇಶಕ್ಕೆ ಯಾವ ರಾಜಧಾನಿ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಬ್ಯಾಂಕ್ ಪರೀಕ್ಷೆಗೆ ಇನ್ನೇನು ಬೇಕು ಹೇಳಿ? ಆದರೆ ಜಗಳದ ಪ್ರಶ್ನೆ ಬಂತೋ, ಮುಗಿಯಿತು ಕಥೆ. ಅವಳ ಪೆನ್ಸಿಲು ಹುಡುಕಿಕೊಂಡು ಹೋಗಿ ತಪ್ಪು ಉತ್ತರದ ಮೇಲೇ ಕೂರುತ್ತಿತ್ತು.

ಜಗಳದ ಪ್ರಶ್ನೆ ಅಂದರೆ ಏನು ಅನ್ನುತ್ತೀರಾ? ತರ್ಕದ ಪತ್ರಿಕೆಯಲ್ಲಿ ಅದೊಂದು ಜಾತಿ. ಇಬ್ಬರು ಮಾತಾಡುತ್ತಾರೆ, ಒಬ್ಬ ಒಂದು ಹೇಳುತ್ತಾನೆ, ಇನ್ನೊಬ್ಬ ಇನ್ನೊಂದು ಹೇಳುತ್ತಾನೆ. ಕೆಳಗೆ ನಾಲ್ಕು ವಾಕ್ಯ ಕೊಟ್ಟಿರುತ್ತಾರೆ. ಇವರಿಬ್ಬರಿಗೂ ನಿಜವಾಗಿ ಭಿನ್ನಾಭಿಪ್ರಾಯ ಇರುವುದು ಯಾವುದರ ಬಗ್ಗೆ, ಗುರುತು ಮಾಡಿ. ಅಷ್ಟೇ. ಕೇಳುವುದಕ್ಕೆ ಮಕ್ಕಳಾಟ. ತಮಿಳುನಾಡಿನ ಅವಿನಾಶಿ ಊರಲ್ಲಿ, ಸೈಕಲ್ ಅಂಗಡಿಯ ಮಾಳಿಗೆ ಮೇಲಿನ ಟುಟೋರಿಯಲ್ಲಿನಲ್ಲಿ ಇಡೀ ತರಗತಿ ಅದನ್ನು ಸರಿ ಮಾಡುತ್ತಿತ್ತು, ಇವಳೊಬ್ಬಳನ್ನು ಬಿಟ್ಟು.

ವೆಲ್ಲಿಂಗಿರಿ ಸಾರ್ ಅಲ್ಲಿ ಪಾಠ ಹೇಳುತ್ತಿದ್ದವರು. ಪ್ರಶ್ನೆ ಇಂಗ್ಲಿಷಿನಲ್ಲಿ, ವಿವರಣೆ ತಮಿಳಿನಲ್ಲಿ, ಬೈಗುಳ ಎರಡರಲ್ಲೂ. ಆವತ್ತು ಹಲಗೆಯ ಮೇಲೆ ಒಂದು ಬರೆದರು. ಸೆಲ್ವನ್ ಹೇಳುತ್ತಾನೆ: ಮಿಲ್ಲಿನಲ್ಲಿ ರಾತ್ರಿ ಪಾಳಿ ನಿಲ್ಲಿಸಬೇಕು, ಕೆಲಸದವರು ಕಾಯಿಲೆ ಬೀಳುತ್ತಿದ್ದಾರೆ. ಮಣಿ ಹೇಳುತ್ತಾನೆ: ನಿಲ್ಲಿಸಕೂಡದು, ನಿಲ್ಲಿಸಿದರೆ ಅವರ ಸಂಬಳ ಇಳಿಯುತ್ತದೆ.

"ರಾಜಾಮಣಿ, ಏಳಮ್ಮ. ಎಲ್ಲಿದೆ ಜಗಳ?"

"ಕೆಲಸದವರು ಕಾಯಿಲೆ ಬೀಳುತ್ತಾರೋ ಇಲ್ಲವೋ ಅನ್ನುವುದರಲ್ಲಿ, ಸಾರ್."

"ಮಣಿ ಎಲ್ಲಾದರೂ ಕಾಯಿಲೆ ಬೀಳುವುದಿಲ್ಲ ಅಂದನಾ?"

"ಅನ್ನಲಿಲ್ಲ."

"ಸಂಬಳ ಇಳಿಯುವುದಿಲ್ಲ ಅಂತ ಸೆಲ್ವನ್ ಅಂದನಾ?"

"ಅವನೂ ಅನ್ನಲಿಲ್ಲ, ಸಾರ್."

"ಮತ್ತೆ? ರಾತ್ರಿ ಪಾಳಿ ನಿಲ್ಲಿಸಬೇಕಾ ಬೇಡವಾ, ಅಲ್ಲಿದೆ ಜಗಳ. ಇಬ್ಬರ ಹತ್ತಿರವೂ ಹೋಗು, ಒಂದೇ ಪ್ರಶ್ನೆ ಕೇಳು. ಒಬ್ಬ ಹೌದು ಅನ್ನಬೇಕು, ಇನ್ನೊಬ್ಬ ಇಲ್ಲ ಅನ್ನಬೇಕು. ಒಬ್ಬ ಬಾಯೇ ಬಿಡದೆ ಇದ್ದರೆ ಅಲ್ಲಿ ಜಗಳ ಇಲ್ಲ. ಎಷ್ಟು ಸಲ ಹೇಳಲಿ?"

ರಾಜಾಮಣಿ ಕೂರಬೇಕಿತ್ತು. ಕೂರುವ ಹುಡುಗಿಯಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ.

"ಸುಮ್ಮನಿದ್ದವನು ಒಪ್ಪಿಕೊಂಡ ಹಾಗೆ ಅಲ್ಲವಾ, ಸಾರ್? ನಮ್ಮ ಬೀದಿಯಲ್ಲಿ ಹಾಗೇ ಲೆಕ್ಕ."

ತರಗತಿ ಗೊಳ್ಳೆಂದಿತು. ವೆಲ್ಲಿಂಗಿರಿ ಸಾರ್ ಸೀಮೆಸುಣ್ಣ ಮೇಜಿನ ಮೇಲಿಟ್ಟರು.

"ನಿಮ್ಮ ಬೀದಿಯ ಲೆಕ್ಕ ಬೀದಿಯಲ್ಲೇ ಇಟ್ಟುಕೊ. ಇಲ್ಲಿ ಸುಮ್ಮನಿದ್ದವನು ಯಾವ ಪಕ್ಷವೂ ಅಲ್ಲ. ಅವನ ಬಾಯಿಗೆ ನೀನು ಮಾತು ತುರುಕಿದರೆ ಮಾರ್ಕು ಹೋಯಿತು. ಕೂತುಕೊ."

ಅವಳು ಕೂತಳು. ನಕ್ಕವರ ಮೇಲೆಲ್ಲ ಸಿಟ್ಟು ಬಂತು, ಹೆಚ್ಚಾಗಿ ಆ ಬಾಯಿ ಬಿಡದ ಮಣಿಯ ಮೇಲೆ ಬಂತು.

ಅವಳ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಪ್ರಶ್ನೆ ತಪ್ಪದೆ ಇನ್ನೇನಾಗುತ್ತೆ? ಪವರ್‌ಲೂಮುಗಳ ಬೀದಿ ಅದು. ಮಗ್ಗದ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಎಲ್ಲರ ಗಂಟಲೂ ಒಂದು ಅಂತಸ್ತು ಮೇಲಕ್ಕೇರಿತ್ತು. ಉಪ್ಪು ಕೊಡು ಅಂದರೂ ಹೊಡೆದಾಟದ ಹಾಗೆ ಕೇಳಿಸುತ್ತಿತ್ತು. ಬೀದಿಯವರೆಲ್ಲ ನೇಯುವ ಜನ, ತಲೆಮಾರುಗಳಿಂದ ಅಲ್ಲೇ ನೆಲೆ ನಿಂತವರು. ಹೊರಗೆ ತಮಿಳು, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಓದೋಕೆ ಬರೆಯೋಕೆ ಒಬ್ಬರಿಗೂ ಬಾರದ ಕನ್ನಡ, ಜಗಳಕ್ಕೆ ಮಾತ್ರ ಯಾವತ್ತೂ ಕಡಿಮೆ ಬೀಳದ ಕನ್ನಡ.

ಆ ಸಂಜೆ ಮನೆಗೆ ಬಂದಾಗ ಅಪ್ಪ ಲಿಂಗಪ್ಪನಿಗೂ ಅಜ್ಜಿ ಬೆಳ್ಳಿಯಮ್ಮನಿಗೂ ಎಂದಿನ ಯುದ್ಧ ನಡೆದಿತ್ತು.

"ನಿನ್ನ ಮಿಷಿನ್ ಸದ್ದಿಗೆ ಎಮ್ಮೆ ಹಾಲು ಬತ್ತೋಯ್ತು ಕಣೋ!" ಅಂತ ಅಜ್ಜಿ.

"ಮಿಷಿನ್ ಇಲ್ದಿದ್ರೆ ಎಮ್ಮೆಗೆ ಹಿಂಡಿ ಎಲ್ಲಿಂದ ಬರ್ತಿತ್ತು?" ಅಂತ ಅಪ್ಪ.

ರಾಜಾಮಣಿ ಪುಸ್ತಕದ ಚೀಲ ಕೆಳಗಿಟ್ಟು ನಡುವೆ ನಿಂತಳು. "ಅಪ್ಪಾ, ಹಾಲು ಬತ್ತಿಲ್ಲ ಅಂತ ನೀನು ಹೇಳ್ದಾ?"

"ಬತ್ತೋಗಿದೆ. ಕಣ್ಣಿಗೆ ಕಾಣ್ತದಲ್ಲ."

"ಅಜ್ಜೀ, ಹಿಂಡಿ ಬ್ಯಾಡ ಅಂತ ನೀನು ಹೇಳ್ದಾ?"

"ಹಿಂಡಿ ಇಲ್ದೆ ಮಣ್ಣು ತಿಂತದಾ ಎಮ್ಮೆ?"

"ಮತ್ತೆ ನಿಮ್ಮಿಬ್ರಿಗೂ ಜಗಳಾನೇ ಇಲ್ಲ. ಸುಮ್ಮಾ ಗಂಟಲು ಹರ್ಕೋತಾ ಇದೀರ."

ಅಜ್ಜಿ ಕೈಗೆ ಸಿಕ್ಕ ಸೌಟು ಬೀಸಿದಳು. "ಇಷ್ಟು ವರ್ಷದಿಂದ ಆಡ್ತಿರೋ ಜಗಳಾನ ಇಲ್ಲ ಅಂತಾಳಲ್ಲೋ ನಿನ್ ಮಗಳು! ಇದಕ್ಕಾ ಓದ್ಸಿದ್ದು?" ಅಪ್ಪ ನಕ್ಕುಬಿಟ್ಟ. ರಾಜಾಮಣಿ ತಪ್ಪಿಸಿಕೊಂಡು ಒಳಗೆ ಓಡಿದಳು. ಓಡುವಾಗಲೇ ಅವಳಿಗೆ ಹೊಳೆಯಿತು, ಪ್ರಶ್ನೆ ಸರಿಯಾಗಿ ಬಿಡಿಸಿದ್ದಳು. ಜೋರಾಗಿ ಕೂಗುವುದೆಲ್ಲ ಜಗಳ ಅಂದುಕೊಳ್ಳುವುದೇ ತನ್ನ ತಪ್ಪು ಅಂತ ಅವಳಿಗೆ ಗೊತ್ತಾಯಿತು.

ಆ ಮನೆಯಲ್ಲಿ ಆ ದಿನಗಳಲ್ಲಿ ಇನ್ನೊಂದು ಗಲಾಟೆಯೂ ಇತ್ತು, ಎಮ್ಮೆಯದಕ್ಕಿಂತ ದೊಡ್ಡದು. ಅದು ರಾಜಾಮಣಿಯ ಮದುವೆಯದು.

ಅವಳ ಮಾವ, ಅಂದರೆ ಅವ್ವ ಮುತ್ತಮ್ಮಾಳ ಖಾಸಾ ತಮ್ಮ, ಮೈಲ್‌ಸಾಮಿ. ಪೆರಿಯನಾಯಕನಪಾಳ್ಯದಲ್ಲಿ ಲೇತ್ ಇಟ್ಟುಕೊಂಡಿದ್ದ. ಕೆಲಸಗಾರ, ಒಂದು ಚಟವಿಲ್ಲ. ರಾಜಾಮಣಿ ದೊಡ್ಡವಳಾದಾಗ ಪದ್ಧತಿಯ ಪ್ರಕಾರ ತೆಂಗಿನ ಹಸಿ ಗರಿ ತಂದು ಅಂಗಳದಲ್ಲಿ ಗುಡಿಸಲು ಕಟ್ಟಿದವನು ಅವನೇ. ಸೀರೆ, ಹಣ್ಣು, ಬೆಲ್ಲ ಅಂತ ತಟ್ಟೆಗಟ್ಟಲೆ ಸೀರು, ಅಂದರೆ ಸೋದರಮಾವನ ಉಡುಗೊರೆ, ಹೊತ್ತು ತಂದವನೂ ಅವನೇ. ಗುಡಿಸಲು ಕಟ್ಟಿದ ಸೋದರಮಾವನಿಗೆ ಹುಡುಗಿ, ಬೀದಿಯಲ್ಲಿ ಅದಕ್ಕೆ ಎರಡನೇ ಮಾತಿಲ್ಲ. ಅವನೂ ಇಷ್ಟು ವರ್ಷ ಬೇರೆ ಹೆಣ್ಣು ನೋಡದೆ ಕಾದಿದ್ದ, ಪಾಪ.

ಕೊಯಮತ್ತೂರಿನಲ್ಲಿ ಪರೀಕ್ಷೆ ಅಂತ ಹಾಲ್ ಟಿಕೆಟ್ ಬಂತು. ಪರೀಕ್ಷೆ ಇದ್ದದ್ದು ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳ ಒಂದು ಭಾನುವಾರ. ಟಿಕೆಟ್ ಬಂದ ವಾರಕ್ಕೇ ಮೈಲ್‌ಸಾಮಿ ಮುಹೂರ್ತ ನೋಡಿಸಿಕೊಂಡು ಬಂದ. ಅದೇ ತೈ, ಅದೇ ಭಾನುವಾರ. ಬೇಕಂತಲೇ ಮಾಡಿದನೋ, ಪಂಚಾಂಗವೇ ಹಾಗಿತ್ತೋ, ಬೀದಿಯ ದೇವಿ ಚೌಡಮ್ಮನಿಗೇ ಗೊತ್ತು.

ರಾಜಾಮಣಿ ಮನೆಯನ್ನು ಮೇಲೆ ಕೆಳಗೆ ಮಾಡಿದಳು. "ಪರೀಕ್ಷೆ ಬರೀತೀನಿ! ಯಾರು ಅಡ್ಡ ಬಂದ್ರೂ ಬರೀತೀನಿ!" ಅನ್ನ ಬಿಟ್ಟಳು, ಮತ್ತೆ ಹಸಿವಾಗಿ ತಿಂದಳು, ತಿಂದು ಮತ್ತೆ ಕೂಗಿದಳು. ಅಪ್ಪ ಅವಳ ಪಕ್ಷ ಹಿಡಿದ. ಅವನೇ ಟುಟೋರಿಯಲ್ಲಿಗೆ ಸೇರಿಸಿದವನು, ಹಾಲ್ ಟಿಕೆಟ್ಟನ್ನು ದೇವರ ಪಟದ ಹಿಂದೆ ಜೋಪಾನ ಮಾಡಿದವನು. ಅವ್ವ ಮಾತ್ರ ಯಾರ ಪಕ್ಷವನ್ನೂ ಹಿಡಿಯದೆ ಮೂಲೆಯಲ್ಲಿ ಕೂತು ಮೂಗೊರೆಸಿಕೊಳ್ಳುತ್ತಿದ್ದಳು. ಅವ್ವ ಅಳುವುದು ಮಾವನ ಕಡೆಗೇ ಅಂತ ರಾಜಾಮಣಿ ಲೆಕ್ಕ ಹಾಕಿಕೊಂಡಿದ್ದಳು.

ಒಂದು ಭಾನುವಾರ ಮೈಲ್‌ಸಾಮಿ ಬಂದ. ಜಗುಲಿಯ ಮೇಲೆ ಅವನೂ ಅಪ್ಪನೂ ಎದುರು ಬದುರು ಕೂತರು. ರಾಜಾಮಣಿ ಬಾಗಿಲ ಹಿಂದೆ ನೂಲಿನ ಕಂಡಿಕೆ ಸುತ್ತುತ್ತಾ ಕಿವಿ ಕೊಟ್ಟಳು.

"ಭಾವಾ, ಪರೀಕ್ಷೆ ವರ್ಷ ವರ್ಷ ಬರ್ತದೆ. ಮುಹೂರ್ತ ಬರಲ್ಲ. ಬೀದಿಯೋರು ಏನಂತಾರೆ?"

"ಮೈಲ್‌ಸಾಮಿ, ಎರಡು ತಿಂಗಳು ತಡಿ. ಪಂಗುಣಿಲಿ ಇಟ್ಕೊಳಾಣ. ಹುಡ್ಗಿ ಕಷ್ಟಪಟ್ಟು ಓದಿದಾಳೆ."

"ನಾನೇನು ಓದ್ಬೇಡ ಅಂದ್ನಾ? ಕಲ್ಯಾಣ ಆದ್ಮೇಲೆ ನಾನೇ ಬರೆಸ್ತೀನಿ. ಕೆಲಸ ಸಿಕ್ರೆ ಪರವಾಯಿಲ್ಲೆ, ಹೋಗ್ಲಿ. ನಮ್ಮ ರಾಜಿ ಬ್ಯಾಂಕಲ್ಲಿ ಕುಂತ್ರೆ ನಂಗೆ ಗೌರವ ಅಲ್ವಾ?"

"ಆಮಾ, ನಾನೂ ಅದನ್ನೇ ಹೇಳ್ತಿರೋದು. ಪಂಗುಣಿ ಅಂತ."

"ತೈ!"

"ಪಂಗುಣಿ!"

ಇಬ್ಬರ ಕತ್ತಿನ ನರವೂ ಉಬ್ಬಿತ್ತು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಬಾಗಿಲ ಹಿಂದೆ ರಾಜಾಮಣಿಯ ಕೈ ನಿಂತಿತು. ಅಭ್ಯಾಸ ಬಲ, ಅವಳು ಮನಸ್ಸಿನಲ್ಲೇ ಇಬ್ಬರ ಹತ್ತಿರವೂ ಹೋಗಿ ಪ್ರಶ್ನೆ ಕೇಳಿದಳು. ರಾಜಾಮಣಿ ಪರೀಕ್ಷೆ ಬರೆಯಬಹುದಾ? ಅಪ್ಪ ಹೌದು, ಮಾವನೂ ಹೌದು. ಕೆಲಸಕ್ಕೆ ಹೋಗಬಹುದಾ? ಇಬ್ಬರೂ ಹೌದು. ರಾಜಾಮಣಿಯನ್ನು ಮೈಲ್‌ಸಾಮಿಗೆ ಕೊಡಬೇಕಾ? ಅಪ್ಪ ಹೌದು. ಮಾವ ಹೌದು.

ಅಯ್ಯೋ ದೇವರೇ, ತನ್ನ ಪಕ್ಷ ಅಂದುಕೊಂಡಿದ್ದ ಅಪ್ಪ ತನ್ನ ಪಕ್ಷದಲ್ಲಿ ಇರಲೇ ಇಲ್ಲ. ಅವರಿಬ್ಬರಿಗೂ ಭಿನ್ನಾಭಿಪ್ರಾಯ ಇದ್ದದ್ದು ಒಂದು ತಿಂಗಳ ಹೆಸರಿನಲ್ಲಿ ಮಾತ್ರ.

ಆಮೇಲೆ ಅದೇ ಪ್ರಶ್ನೆಯನ್ನು ಅವಳು ತನಗೇ ಕೇಳಿಕೊಂಡಳು. ಪರೀಕ್ಷೆ ಬರೆಯಲು ಬಿಟ್ಟರೆ ಮದುವೆಗೆ ಒಪ್ಪುತ್ತೀಯಾ? ಇಲ್ಲ. ಪಂಗುಣಿಯಲ್ಲಾದರೆ? ಇಲ್ಲ. ಮುಂದಿನ ವರ್ಷ? ಇಲ್ಲ, ಇಲ್ಲ. ಮಾವನನ್ನು ಕಂಡರೆ ಅವಳಿಗೆ ಹೆದರಿಕೆಯೂ ಇರಲಿಲ್ಲ, ಹೇಸಿಗೆಯೂ ಇರಲಿಲ್ಲ. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಸಂತೆ ತೋರಿಸಿದವನು. ಈಗಲೂ ಬಂದಾಗೆಲ್ಲ ತಲೆ ಮೇಲೆ ಕೈಯಿಟ್ಟು "ನಮ್ಮ ರಾಜಿ" ಅನ್ನುತ್ತಿದ್ದ. ಆ ಕೈಯನ್ನು ಗಂಡನ ಕೈ ಅಂದುಕೊಳ್ಳೋಕೆ ಅವಳಿಂದ ಆಗುತ್ತಿರಲಿಲ್ಲ. ಅವನೇ ಬರೆಸುವ ಪರೀಕ್ಷೆ, ಅವನೇ ಕಳಿಸುವ ಕೆಲಸ ಅಂದರೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ದಿನ ಪರೀಕ್ಷೆ ಪರೀಕ್ಷೆ ಅಂತ ಕೂಗಿ ತಾನೇ ತನ್ನ ಪ್ರಶ್ನೆಗೆ ತಪ್ಪು ಉತ್ತರ ಬರೆದಿದ್ದಳು. ಮೂಲ ಮಾತನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಹಲಗೆಯ ಮೇಲಿನ ಆ ಬಾಯಿ ಬಿಡದ ಮಣಿಗಿಂತ ತಾನೇನು ಮೇಲು ಅಂತ ಅವಳಿಗೆ ನಾಚಿಕೆಯಾಯಿತು.

ಮಾವ ಹೋದ ಮೇಲೆ ಅವಳು ಮಗ್ಗದ ಕೊಟ್ಟಿಗೆಗೆ ಹೋದಳು. "ಅಪ್ಪಾ, ಪಂಗುಣಿನೂ ಬ್ಯಾಡ."

"ಸುಮ್ಮಾ ಇರು ನನ್ ಕಣ್ಣು," ಅಂದ ಅಪ್ಪ, ನೋಟ ನೇಯ್ಗೆಯ ಮೇಲೇ ಇಟ್ಟು. "ಮೈಲ್‌ಸಾಮಿ ಅಮಾವಾಸ್ಯೆಗೆ ಗುಡಿಲಿ ಮಾತು ಕಟ್ಟಿಸ್ತೀನಿ ಅಂದೋಗಿದಾನೆ. ಕಟ್ಟಿಸ್ಲಿ. ನಾನು ನಿಂಗೆ ಪಂಗುಣಿ ಗೆದ್ದು ಕೊಡ್ತೀನಿ."

"ಅಪ್ಪಾ, ನಾನು ಹೇಳೋದು ಕೇಳು!"

"ಗೆದ್ದು ಕೊಡ್ತೀನಿ ಅಂದ್ನಲ್ಲ!" ಅವನು ಎರಡನೆಯ ಮಗ್ಗವನ್ನೂ ಚಾಲೂ ಮಾಡಿದ. ಆಮೇಲೆ ಆ ಕೊಟ್ಟಿಗೆಯಲ್ಲಿ ಸಿಡಿಲು ಬಿದ್ದರೂ ಕೇಳಿಸುತ್ತಿರಲಿಲ್ಲ.

ಅಮಾವಾಸ್ಯೆ ದಿನ ಆ ಬೀದಿಯಲ್ಲಿ ಮಗ್ಗ ಮುಟ್ಟುವುದಿಲ್ಲ. ಆವತ್ತು ಕಿವಿಗೆ ರಜ. ಚೌಡಮ್ಮನ ಗುಡಿ ಮಂಟಪದಲ್ಲಿ ಬೀದಿಯವರು ಸೇರುತ್ತಾರೆ, ವ್ಯಾಜ್ಯವಿದ್ದರೆ ಮಾತು ಕಟ್ಟುತ್ತಾರೆ. ಮಾತು ಕಟ್ಟುವುದು ಅಂದರೆ ಹೀಗೆ: ಮೊದಲು ಎಜಮಾನರು ಜಗಳ ಏನು ಅನ್ನುವುದನ್ನು ಒಂದೇ ಮಾತಿನಲ್ಲಿ ಹೇಳಬೇಕು. ಹೌದು ಅನ್ನುವವನು ಹಿತ್ತಾಳೆ ತಟ್ಟೆಯಲ್ಲಿ ಒಂದು ವೀಳ್ಯದೆಲೆ ಇಡಬೇಕು, ಅಲ್ಲ ಅನ್ನುವವನು ಅದಕ್ಕೆದುರಾಗಿ ತುದಿಗೆ ತುದಿ ತಾಗಿಸಿ ತನ್ನ ಎಲೆ ಇಡಬೇಕು. ಎರಡು ಎಲೆ ಬಿದ್ದರೆ ಮಾತು ಕಟ್ಟಾಯಿತು. ಆಮೇಲೆ ಆ ಒಂದು ಮಾತು ಬಿಟ್ಟು ಬೇರೆ ಎತ್ತುವ ಹಾಗಿಲ್ಲ, ಎತ್ತಿದರೆ ಎಜಮಾನರು ತಟ್ಟೆ ತಟ್ಟುತ್ತಾರೆ. ಎದುರಿನ ಎಲೆ ಬೀಳದಿದ್ದರೆ ವ್ಯಾಜ್ಯವೇ ಇಲ್ಲ, ಇಟ್ಟವನ ಮಾತೇ ಮಾತು, ಎದ್ದು ಮನೆಗೆ ಹೋಗಬಹುದು. ಹೆಂಗಸರು ಕಂಬಗಳ ಹಿಂದೆ ಕೂರುತ್ತಾರೆ. ಅವರು ಎಲೆ ಇಡಬಾರದು ಅಂತ ಯಾರೂ ಹೇಳಿದ್ದಿಲ್ಲ. ಇಟ್ಟವರಿರಲಿಲ್ಲ, ಅಷ್ಟೇ.

ರಾಜಾಮಣಿ ಅವ್ವನಿಗೂ ಅಜ್ಜಿಗೂ ನಡುವೆ ಕೂತಿದ್ದಳು. ಎಜಮಾನರು ಚೆನ್ನಿಯಪ್ಪನ್, ಬಿಳಿ ಮೀಸೆಯ ಮುದುಕರು, ಗಂಟಲು ಸರಿಮಾಡಿಕೊಂಡರು.

"ಲಿಂಗಪ್ಪನ್ ಮಗಳು ರಾಜಾಮಣಿ, ಮೈಲ್‌ಸಾಮಿ. ಇವ್ರ ಕಲ್ಯಾಣ ತೈ ತಿಂಗಳಲ್ಲಿ ಆಗ್ಬೇಕಾ? ಇದೇ ಮಾತು. ಮಾತಿರೋರು ಎಲೆ ಇಡಿ."

ಮೈಲ್‌ಸಾಮಿ ಎದ್ದು ಎಲೆ ಇಟ್ಟ. ಅಪ್ಪ ತನ್ನ ಎಲೆಯನ್ನು ಪಂಚೆಗೆ ಒರೆಸಿಕೊಂಡು ಬಗ್ಗಿದ.

ಅದು ಬಿದ್ದರೆ ಮುಗಿಯಿತು. ತೈಯೋ ಪಂಗುಣಿಯೋ ತೀರ್ಮಾನವಾಗುತ್ತದೆ, ಮದುವೆ ಬೇಡ ಅನ್ನುವ ಮಾತಿಗೆ ಮಂಟಪದಲ್ಲಿ ಜಾಗವೇ ಇರುವುದಿಲ್ಲ. ಅವಳು ಗೆದ್ದರೂ ಗೆಲ್ಲುವುದು ಎರಡು ತಿಂಗಳು. ರಾಜಾಮಣಿ ಕೂಗಿಯೇಬಿಟ್ಟಳು.

"ಅಪ್ಪಾ, ಇಡ್ಬೇಡ!"

ಮಗ್ಗದ ಬೀದಿಯ ಗಂಟಲು ಅದು. ಮಗ್ಗ ನಿಂತ ದಿನ ಅದು ಹೇಗೆ ಕೇಳಿಸಿರಬೇಕು ಯೋಚಿಸಿ. ಅಪ್ಪ ಬಗ್ಗಿದವನು ಬಗ್ಗಿದ ಹಾಗೇ ನಿಂತ. ಅವ್ವ ಅವಳ ಸೆರಗು ಹಿಡಿದಳು. ಸೆರಗು ಬಿಡಿಸಿಕೊಂಡು ರಾಜಾಮಣಿ ಎದ್ದಳು.

"ಎಜಮಾನ್ರೇ, ಮಾತು ತಪ್ಪಾಗಿ ಕಟ್ತಾ ಇದೀರ."

ಮಂಟಪದಲ್ಲಿ ಗುಸುಗುಸು ಎದ್ದಿತು. ಚೆನ್ನಿಯಪ್ಪನ್ ಮೀಸೆ ಮೇಲೆ ಕೈಯಾಡಿಸಿದರು. "ಕುಂತ್ಕೋ ಹುಡ್ಗಿ. ನಿಮ್ಮಪ್ಪ ನಿನ್ ಪರ ಮಾತಾಡೋಕೆ ನಿಂತಿದಾನೆ."

"ಇಲ್ಲ. ನೀವೇ ಕೇಳಿ ನೋಡಿ. ನನ್ನ ಮೈಲ್‌ಸಾಮಿ ಮಾಮಂಗೆ ಕೊಡ್ಬೇಕಾ ಅಂತ ಮಾಮನ್ನ ಕೇಳಿ, ಆಮಾ ಅಂತಾರೆ. ನಮ್ಮಪ್ಪನ್ನ ಕೇಳಿ, ಅವರೂ ಆಮಾ ಅಂತಾರೆ. ಅವ್ರಿಬ್ರಿಗೂ ಜಗಳ ಎಲ್ಲಿದೆ? ತಿಂಗಳಲ್ಲಿ. ತಿಂಗಳ ಜಗಳಕ್ಕೆ ಪಂಚಾಂಗ ಸಾಕು, ಚೌಡಮ್ಮ ಬ್ಯಾಡ."

"ಮತ್ತೆ ಜಗಳ ಎಲ್ಲದೆ ಅಂತೀಯ?"

"ನನ್ನ ಹತ್ರ ಇದೆ. ನಂಗೆ ಈ ಕಲ್ಯಾಣ ಬ್ಯಾಡ. ತೈಲೂ ಬ್ಯಾಡ, ಪಂಗುಣಿಲೂ ಬ್ಯಾಡ. ಇಷ್ಟು ದಿನ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಹೇಳ್ಲಿಲ್ಲ ಅಂದ್ರೆ ಒಪ್ಪಿದೀನಿ ಅಂತ ಅಲ್ಲ. ಈಗ ಹೇಳ್ತಾ ಇದೀನಿ."

ಮೈಲ್‌ಸಾಮಿಯ ಮುಖ ಕೆಂಪಾಯಿತು. "ಭಾವಾ, ಇದೇನು? ನನ್ನ ಕರೆಸಿ ಮರ್ಯಾದೆ ತೆಗೀತಾ ಇದೀರಾ?"

"ಎಲೆ ಇಡ್ದೆ ಮಾತಾಡೋ ಹಂಗಿಲ್ಲ," ಅಂದರು ಚೆನ್ನಿಯಪ್ಪನ್, ಖಡಾಖಂಡಿತವಾಗಿ.

ಅಷ್ಟೇ ಬೇಕಾಗಿತ್ತು ಅವಳಿಗೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದಳು. ಅಜ್ಜಿ ಕೈಗೆ ಹೊಡೆಯುತ್ತಾಳೆ ಅಂದುಕೊಂಡಿದ್ದಳು. ಬೆಳ್ಳಿಯಮ್ಮ ಚೀಲದ ಬಾಯಿ ಅಗಲ ಮಾಡಿದಳು.

"ಬಾಡಿದ್ದು ಬ್ಯಾಡ. ಒಳ್ಳೇದು ನೋಡ್ಕೊಂಡು ತಕ್ಕೋ," ಅಂದಳು ಮುದುಕಿ, ಇಡೀ ಮಂಟಪಕ್ಕೆ ಕೇಳುವ ಹಾಗೆ.

ರಾಜಾಮಣಿ ಕಂಬ ದಾಟಿ ಗಂಡಸರ ನಡುವೆ ನಡೆದಳು. ಎಲ್ಲೂ ನಿಲ್ಲಲಿಲ್ಲ. ಎಲೆಯನ್ನು ತಟ್ಟೆಯಲ್ಲಿಟ್ಟಳು.

ಚೆನ್ನಿಯಪ್ಪನ್ ಬಗ್ಗಿ ಆ ಎಲೆ ನೋಡಿದರು. ಒಬ್ಬಿಬ್ಬರು ಎದ್ದು, "ಹೆಣ್ಣೆಂಗಸು ಎಲೆ ಇಡೋದಾ? ತೆಗೀರಿ ಎಜಮಾನ್ರೇ" ಅಂದರು. ಮುದುಕರು ತಟ್ಟೆ ತಟ್ಟಿದರು. "ಮಾತಿರೋರು ಎಲೆ ಇಡಿ ಅಂತ ನಾನೇ ಕರ್ದೆ. ನಮ್ಮಪ್ಪನೂ ಹಂಗೇ ಕರೀತಿದ್ರು. ಗಂಡಸ್ರು ಮಾತ್ರ ಅಂತ ಅವ್ರೂ ಅನ್ಲಿಲ್ಲ, ನಾನೂ ಅನ್ಲಿಲ್ಲ. ಬಿದ್ದ ಎಲೆ ತೆಗ್ಯೋಕೆ ನನ್ನ ಕೈಲಾಗಲ್ಲ." ಅವರು ಮೈಲ್‌ಸಾಮಿ ಮೊದಲು ಇಟ್ಟಿದ್ದ ಎಲೆಯನ್ನು ಎತ್ತಿ ಅವನ ಕೈಗೆ ವಾಪಸು ಕೊಟ್ಟರು. "ಮಾತು ಬದಲಾಯ್ತು. ಮತ್ತೆ ಕಟ್ತೀನಿ. ರಾಜಾಮಣಿನ ಮೈಲ್‌ಸಾಮಿಗೆ ಕೊಡ್ಬೇಕಾ? ಬ್ಯಾಡ ಅಂತ ಹುಡ್ಗಿ ಎಲೆ ಬಿದ್ದದೆ. ಕೊಡ್ಬೇಕು ಅನ್ನೋರು ಎದ್ರಿಗೆ ಇಡಿ."

ಎಲ್ಲರ ಕಣ್ಣೂ ಅಪ್ಪನ ಮೇಲೆ ಬಿತ್ತು. ಲಿಂಗಪ್ಪನ್ ಕೈಯಲ್ಲಿ ಎಲೆ ಇನ್ನೂ ಇತ್ತು. ಅವನು ಮಗಳನ್ನು ನೋಡಿದ, ಎಲೆ ನೋಡಿದ. ಮದುವೆಗೆ ಮಾತು ಕೊಟ್ಟವನು ಅವನು. ಕೊಟ್ಟ ಮಾತು ಉಳಿಸಬೇಕಾದರೆ ಮಗಳ ಎಲೆಗೆ ಎದುರಾಗಿ ತನ್ನ ಎಲೆ ಇಡಬೇಕು, ಬೀದಿಯೆಲ್ಲ ನೋಡುತ್ತಿರುವಾಗ.

"ಇಡಿ ಭಾವಾ," ಅಂದ ಮೈಲ್‌ಸಾಮಿ.

ರಾಜಾಮಣಿಯೂ ಅಂದಳು, "ಇಡು ಅಪ್ಪಾ. ನಿನ್ನ ಮಾತು ಅದೇ ಆದ್ರೆ ಇಡು. ನಾನು ಅಳಲ್ಲ."

ಅಪ್ಪ ಎಲೆಯನ್ನು ಮಡಚಿದ, ಇನ್ನೊಂದು ಸಲ ಮಡಚಿದ, ಬಾಯಿಗೆ ಹಾಕಿಕೊಂಡ. ಅಡಿಕೆ ಇಲ್ಲ, ಸುಣ್ಣ ಇಲ್ಲ, ಬರೀ ಎಲೆ. ನಿಂತಲ್ಲೇ ಅಗಿಯತೊಡಗಿದ. ಕಣ್ಣಲ್ಲಿ ನೀರಿತ್ತು.

"ಲಿಂಗಪ್ಪಾ, ಎಲೆ ಎಲ್ಲೋ?" ಅಂದರು ಎಜಮಾನರು.

"ತಿಂದ್ಬಿಟ್ಟೆ," ಅಂದ ಅಪ್ಪ, ಬಾಯಿ ತುಂಬಾ ಎಲೆ ಇಟ್ಟುಕೊಂಡು.

ಯಾರೋ ನಕ್ಕರು, ಯಾರೋ ಛೀ ಅಂದರು. ರಾಜಾಮಣಿ ಮೈಲ್‌ಸಾಮಿಯ ಕಡೆ ತಿರುಗಿದಳು.

"ಮಾಮಾ, ನೀವು ಇಡಿ. ಕಾದಿದ್ದು ನೀವು. ನಿಮ್ಗೆ ಮಾತಿದೆ. ನನ್ನ ಎದ್ರು ಇಟ್ಟು ಮಾತಾಡಿ, ನಾನೂ ಮಾತಾಡ್ತೀನಿ."

ಮೈಲ್‌ಸಾಮಿ ಎಲೆಯನ್ನು ಮುಷ್ಟಿಯಲ್ಲಿ ಹಿಸುಕಿದ. "ನಾನು ಎತ್ತಿ ಆಡ್ಸಿದ ಹುಡ್ಗಿ ಎದ್ರು ಎಲೆ ಇಡೋದಾ? ಅದು ನನ್ನ ಕೈಲಾಗಲ್ಲ. ನಾನು ಗಂಡಸ್ರ ಹತ್ರ ಮಾತಾಡೋಕೆ ಬಂದೋನು." ಅವನು ಚಪ್ಪಲಿ ಮೆಟ್ಟಿಕೊಂಡು ಮಂಟಪದ ಮೆಟ್ಟಿಲ ಮೇಲೆ ಹೋಗಿ ಬೆನ್ನು ಹಾಕಿ ನಿಂತ. ಹೊರಟೂ ಹೋಗಲಿಲ್ಲ, ಒಳಗೂ ಬರಲಿಲ್ಲ.

"ಎದುರು ಎಲೆ ಇಲ್ಲ," ಅಂದರು ಚೆನ್ನಿಯಪ್ಪನ್. "ಯಾರಾದ್ರೂ ಇದಾರಾ? ಇಲ್ದಿದ್ರೆ ಹುಡ್ಗಿ ಮಾತೇ ಮಾತು. ತಟ್ಟೆ ಎತ್ತುತೀನಿ."

ಮುದುಕರ ಕೈ ತಟ್ಟೆಯ ಅಂಚಿಗೆ ಬಂತು. ಗೆದ್ದೆ ಅಂತ ರಾಜಾಮಣಿ ಮನಸ್ಸಿನಲ್ಲಿ ಅಂದುಕೊಳ್ಳುವಷ್ಟರಲ್ಲಿ ಕಂಬದ ಹಿಂದೆ ಬಳೆ ಸದ್ದಾಯಿತು.

"ತಡೀರಿ ಎಜಮಾನ್ರೇ."

ಅವ್ವ. ಮುತ್ತಮ್ಮಾಳ್ ಎದ್ದು ನಿಂತಿದ್ದಳು. ಅತ್ತೆಯ ಚೀಲಕ್ಕೆ ಕೈ ಹಾಕಿ, ಕೇಳದೆ ಒಂದು ಎಲೆ ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಂಬ ದಾಟಿ ಬಂದಳು. ಮೂಗೊರೆಸಿಕೊಳ್ಳುತ್ತಿರಲಿಲ್ಲ. ಮಗಳ ಎಲೆಗೆ ಎದುರಾಗಿ, ತುದಿಗೆ ತುದಿ ತಾಗಿಸಿ, ತನ್ನ ಎಲೆ ಇಟ್ಟಳು.

"ನಾನು ಹೇಳ್ತೀನಿ, ಕೊಡ್ಬೇಕು ಅಂತ. ನಮ್ಮಪ್ಪ ನಮ್ಮವ್ವ ಸತ್ತಾಗ ನನ್ ತಮ್ಮ ಸೊಂಟದ ಮೇಲಿನ ಕೂಸು. ನಾನೇ ಸಾಕಿದೀನಿ, ಅವ್ನ ಬಾಳು ಒಂದು ನೆಲೆಗೆ ನಿಲ್ಲಿಸ್ಬೇಕಾದೋಳೂ ನಾನೇ. ಗುಡಿಸ್ಲು ಕಟ್ಟು ಅಂತ ಗರಿ ಹೊರಿಸಿದ್ದು ನಾನು. ಈ ಕಲ್ಯಾಣ ನಂಗೆ ಬೇಕು. ಅವ್ನು ಕೇಳ್ತಾನೆ ಅಂತ ಅಲ್ಲ, ನನ್ನ ಗಂಡ ಮಾತು ಕೊಟ್ಟವ್ರೆ ಅಂತಾನೂ ಅಲ್ಲ. ನಂಗೇ ಬೇಕು. ನನ್ನ ಯಾರು ಕೇಳಿದ್ರಿ?"

ಮೆಟ್ಟಿಲ ಮೇಲಿನ ಮೈಲ್‌ಸಾಮಿ ತಿರುಗಿ ನೋಡಿದ. ಅಪ್ಪ ಅಗಿಯುವುದನ್ನು ನಿಲ್ಲಿಸಿದ.

ರಾಜಾಮಣಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಯಾರು ಕೇಳಿದ್ದರು? ಅಪ್ಪನನ್ನು ಕೇಳಿದ್ದಳು, ಮಾವನನ್ನು ಕೇಳಿದ್ದಳು, ತನ್ನನ್ನು ತಾನೇ ಕೇಳಿಕೊಂಡಿದ್ದಳು. ಅವ್ವನನ್ನು ಯಾವತ್ತೂ ಕೇಳಿರಲಿಲ್ಲ. ಅತ್ತಳು, ಆದ್ದರಿಂದ ಮಾವನ ಕಡೆ ಅಂತ ಬರೆದು ಮುಗಿಸಿದ್ದಳು. ಸಿಟ್ಟು ಬಂತು, ನೋವಾಯಿತು. ಅದೆಲ್ಲದರ ಜೊತೆ ಅವ್ವನ ಆ ಸೊಂಟಕ್ಕೆ ಸಿಕ್ಕಿಸಿದ ಸೆರಗು ನೋಡಿ ಹೆಮ್ಮೆಯೂ ಆಯಿತು, ಅದನ್ನು ಅವಳು ಮುಚ್ಚಿಡಲಿಲ್ಲ.

ಚೆನ್ನಿಯಪ್ಪನ್ ಎರಡು ಎಲೆಯನ್ನೂ ಎರಡು ಹೆಂಗಸರನ್ನೂ ನೋಡಿ ಮೀಸೆಯೊಳಗೇ ಏನೋ ಅಂದುಕೊಂಡರು. "ಮಾತು ಕಟ್ಟಾಯ್ತು. ಇದು ಇವತ್ತು ಬಿಚ್ಚೋ ಗಂಟಲ್ಲ. ತೈ ಕಳೀಲಿ, ಮುಂದಿನ ತಿಂಗಳು ಮಾಸಿ ಅಮಾವಾಸ್ಯೆಗೆ ಇಬ್ರೂ ಬನ್ನಿ, ಅವತ್ತು ಕೇಳ್ತೀವಿ. ಅಲ್ಲೀಗಂಟ ಮುಹೂರ್ತ ಇಲ್ಲ." ಅಂದ ಮೇಲೆ ತೈ ಭಾನುವಾರ ಪರೀಕ್ಷೆಗೆ ಬಿಡುವಾಯಿತು.

ಜನ ಎದ್ದರು. ತಾಯಿ ಮಗಳು ತಟ್ಟೆಯ ಎರಡು ಬದಿಯಲ್ಲಿ ನಿಂತೇ ಇದ್ದರು. ಮೊದಲು ಅವ್ವನೇ ಮಾತಾಡಿದಳು.

"ನಡಿ, ಹೊತ್ತಾಯ್ತು. ಹೋಗಿ ಓದ್ಕೋ. ಪರೀಕ್ಷೆ ಚೆನ್ನಾಗಿ ಬರ್ದು ಬಾ. ಮನೇಲಿ ಗಲಾಟೆ, ಓದೋಕಾಗ್ಲಿಲ್ಲ ಅಂತ ಆಮೇಲೆ ನನ್ ಮೇಲೆ ಹಾಕ್ಬೇಡ. ಮಾಸಿಲಿ ಇದೇ ತಟ್ಟೆ ಮುಂದೆ ನಿನ್ ಬಾಯಿ ಮುಚ್ಚಿಸ್ತೀನಿ."

"ಮುಚ್ಚಿಸು ನೋಡಾಣ ಅವ್ವಾ," ಅಂದಳು ರಾಜಾಮಣಿ. "ನಾನೂ ಬರ್ತೀನಿ."